ಕಟ್ಟಡ ಕ್ಷೇತ್ರದ ವಿಶೇಷ ಕಸುಬುದಾರರು ವೃತ್ತಿ ಅರ್ಹತೆ ಪಡೆಯುವ ಬಗೆ

ಸಾರುವೆ ನಿಲ್ಲಿಸುವವರು, ಕಬ್ಬಿಣ ಕಟ್ಟುವವರು, ಜಲನಿರೋಧಕ ಪದರ ಹಾಸುವವರು, ಉಷ್ಣನಿರೋಧಕ ಹೊದಿಸುವವರು, ಗಾಜಿನ ಮುಂಗೋಡೆ ಕೂರಿಸುವವರು, ಹಳೆಯ ಕಟ್ಟಡ ಕೆಡಹುವವರು, ಇವರೆಲ್ಲ ಕಟ್ಟಡ ನಿರ್ಮಾಣದ ಒಂದೊಂದು ಕಿರಿದಾದ ಭಾಗದಲ್ಲಿ ಆಳವಾಗಿ ಪಳಗಿದವರು. ಇಂಥವರಲ್ಲಿ ಅನೇಕರು ಶಾಲೆಯಲ್ಲಿ ಕಸುಬು ಕಲಿತವರಲ್ಲ. ಮೇಸ್ತ್ರಿಯ ಕೈಕೆಳಗೆ ವರ್ಷಗಟ್ಟಲೆ ದುಡಿದು, ನೋಡಿ, ಮಾಡಿ, ತಿದ್ದಿಸಿಕೊಂಡು ಕಲಿತವರು. ಅವರು ಮಾಡಿದ ಕೆಲಸ ಕಟ್ಟಡದಲ್ಲಿ ನಿಂತಿರುತ್ತದೆ, ಆದರೆ ಅದನ್ನು ಮಾಡಿದವರು ಯಾರೆಂದು ಹೇಳುವ ಕಾಗದ ಎಲ್ಲಿಯೂ ಇರುವುದಿಲ್ಲ. ಗುತ್ತಿಗೆದಾರ ಬದಲಾದಾಗ, ದೊಡ್ಡ ಯೋಜನೆಯೊಂದರ ಸೈಟಿಗೆ ಪ್ರವೇಶ ಕೇಳಿದಾಗ, ಇನ್ನೊಂದು ದೇಶಕ್ಕೆ ಹೊರಟಾಗ ಆ ಕೊರತೆ ಕೂಲಿಯ ಮೇಲೆಯೇ ಬಂದು ಬೀಳುತ್ತದೆ. ಈ ಲೇಖನ ಅಂಥ ಅನುಭವಿ ಕೆಲಸಗಾರರಿಗಾಗಿ, ಮತ್ತು ಅವರಿಗೆ ನೆರವಾಗಬೇಕಾದ ಮೇಲ್ವಿಚಾರಕರಿಗಾಗಿ.

ಮೊದಲೇ ಹೇಳಬೇಕಾದ ಒಂದು ಮಾತಿದೆ. ಈ ಬಗೆಯ ಅರ್ಹತೆಯನ್ನು ಪರೀಕ್ಷಾ ಕೊಠಡಿಯಲ್ಲಿ ಬರೆದು ಗಳಿಸುವುದಕ್ಕಿಂತ ಹೆಚ್ಚಾಗಿ, ನಿಜವಾದ ಸೈಟಿನಲ್ಲಿ ಮಾಡಿದ ನಿಜವಾದ ಕೆಲಸವನ್ನು ತೋರಿಸಿ ಗಳಿಸಬೇಕಾಗುತ್ತದೆ. ಆದ್ದರಿಂದ ತಯಾರಿ ಅರ್ಜಿ ತುಂಬಿದ ದಿನದಿಂದ ಶುರುವಾದರೆ ತಡವಾದಂತೆ. ಅದು ಇಂದು ಮಾಡುತ್ತಿರುವ ಕೆಲಸದಿಂದಲೇ ಶುರುವಾಗಬೇಕು.

ನಿಮ್ಮ ಕೆಲಸಕ್ಕೆ ಸರಿಯಾದ ಹೆಸರು ಹುಡುಕಿಕೊಳ್ಳಿ

ಸೈಟಿನಲ್ಲಿ ಒಬ್ಬರನ್ನು ‘ವಾಟರ್‌ಪ್ರೂಫಿಂಗ್‌ನವರು’ ಎಂದು ಕರೆದರೆ ಎಲ್ಲರಿಗೂ ಅರ್ಥವಾಗುತ್ತದೆ. ಅರ್ಹತೆಯ ಲೋಕದಲ್ಲಿ ಅಷ್ಟು ಸಾಲದು. ಹಾಳೆಯ ರೂಪದ ಪದರವನ್ನು ಬಿಸಿ ಮಾಡಿ ಅಂಟಿಸುವುದು, ದ್ರವರೂಪದ ಲೇಪನ ಹಚ್ಚುವುದು, ಬಿರುಕಿಗೆ ರಾಳ ಒತ್ತುವುದು, ನೆಲಮಾಳಿಗೆಯ ಒಳಗೋಡೆಗೆ ನೀರುತಡೆ ಕಟ್ಟುವುದು, ಇವು ಬೇರೆ ಬೇರೆ ಘಟಕಗಳಾಗಿ (ಅಂದರೆ ಅರ್ಹತೆಯೊಂದರ ಬಿಡಿ ಭಾಗಗಳಾಗಿ), ಕೆಲವು ಕಡೆ ಬೇರೆ ಬೇರೆ ಅರ್ಹತೆಗಳಾಗಿಯೇ ಇರುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2008ರ ಉದ್ಯೋಗ ವರ್ಗೀಕರಣವನ್ನು ನೋಡಿದರೂ ಈ ವಿಂಗಡಣೆಯ ಒಂದು ಅಂದಾಜು ಸಿಗುತ್ತದೆ. ಅದರಲ್ಲಿ ಕಟ್ಟಡ ಕಸುಬುಗಳು 71ನೆಯ ಗುಂಪಿನಲ್ಲಿವೆ. ಛಾವಣಿ ಹೊದಿಸುವವರು 7121, ನೆಲಹಾಸು ಮತ್ತು ಟೈಲ್ಸ್ ಕೆಲಸದವರು 7122, ಗಿಲಾವು ಮಾಡುವವರು 7123, ನಿರೋಧಕ ಹೊದಿಸುವವರು 7124, ಗಾಜು ಕೂರಿಸುವವರು 7125. ಎಲೆಕ್ಟ್ರಿಷಿಯನ್ನರು ಈ ಗುಂಪಿಗೆ ಸೇರುವುದೇ ಇಲ್ಲ. ಸಾರುವೆ ಕಟ್ಟುವವರೂ ಕಟ್ಟಡ ಕೆಡಹುವವರೂ 7119 ಎಂಬ ‘ಬೇರೆಡೆ ಸೇರದವರ’ ಗುಂಪಿನಲ್ಲಿ ಸಿಗುತ್ತಾರೆ. ಇಷ್ಟು ಅಪಾಯದ, ಇಷ್ಟು ಕೌಶಲದ ಕೆಲಸಗಳು ಅಲ್ಲಿ ಕೊನೆಯ ಗುಂಪಿಗೆ ಹೋಗಿರುವುದು ನನಗೆ ಸರಿಕಾಣುವುದಿಲ್ಲ, ಆದರೆ ಅರ್ಜಿ ತುಂಬುವವರು ಅದನ್ನು ಅಲ್ಲಿಯೇ ಹುಡುಕಬೇಕು.

ಹೆಸರು ಹುಡುಕುವ ಮೊದಲು ಒಂದು ಹಾಳೆಯಲ್ಲಿ ಕಳೆದ ಒಂದು ವರ್ಷದಲ್ಲಿ ನೀವು ಸ್ವತಃ ಮಾಡಿದ ಕೆಲಸಗಳನ್ನು ಬರೆಯಿರಿ: ಯಾವ ಸಾಮಗ್ರಿ, ಯಾವ ಉಪಕರಣ, ಎಷ್ಟು ಎತ್ತರ, ನಕ್ಷೆ ಓದಿದವರು ಯಾರು, ಅಳತೆ ಹಿಡಿದವರು ಯಾರು, ಕೊನೆಗೆ ತಪಾಸಣೆ ಮಾಡಿದವರು ಯಾರು. ಬರೆಯಲು ಬಾರದವರು ಹೇಳಿ ಬರೆಸಬಹುದು. ಆ ಪಟ್ಟಿಯನ್ನು ಅರ್ಹತೆಯ ಘಟಕಗಳ ಪಟ್ಟಿಯ ಪಕ್ಕದಲ್ಲಿಟ್ಟು ಹೋಲಿಸಿದಾಗ, ಯಾವುದು ನಿಮ್ಮದು, ಯಾವುದು ಅಲ್ಲ ಎಂಬುದು ತಾನಾಗಿ ಕಾಣುತ್ತದೆ. ಕೇಳುವುದಕ್ಕೆ ಗೌರವದ ಹೆಸರಿದೆ ಎಂಬ ಕಾರಣಕ್ಕೆ ಅಗಲವಾದ ಅರ್ಹತೆಯೊಂದಕ್ಕೆ ಹೆಸರು ನೋಂದಾಯಿಸಿ, ಅದರ ಕಡ್ಡಾಯ ಘಟಕವೊಂದನ್ನು ತೋರಿಸಲು ನಿಮ್ಮ ಸೈಟಿನಲ್ಲಿ ಅಂಥ ಕೆಲಸವೇ ಇಲ್ಲದೆ ಸಿಲುಕಿಕೊಳ್ಳುವುದಕ್ಕಿಂತ, ಕಿರಿದಾದ ಆದರೆ ಪೂರ್ತಿ ನಿಮ್ಮದಾದ ಅರ್ಹತೆಯನ್ನು ಆರಿಸಿಕೊಳ್ಳುವುದು ಲೇಸು.

ನಾಲ್ಕು ಬಗೆಯ ಕಾಗದಗಳನ್ನು ಒಂದೇ ಎಂದು ತಿಳಿಯಬೇಡಿ

ಈ ಗೊಂದಲದಿಂದ ಹಣವೂ ಸಮಯವೂ ಬಹಳ ಹಾಳಾಗುತ್ತವೆ. ತರಬೇತಿಗೆ ಹಾಜರಾದ ಪತ್ರ ಒಂದು ಬಗೆ. ನೀವು ತರಗತಿಯಲ್ಲಿ ಕುಳಿತಿದ್ದಿರಿ ಎಂಬುದನ್ನಷ್ಟೇ ಅದು ಹೇಳುತ್ತದೆ. ಸುರಕ್ಷತಾ ಕಾರ್ಡು ಇನ್ನೊಂದು. ಸೈಟಿನ ಸಾಮಾನ್ಯ ಅಪಾಯಗಳ ಅರಿವಿದೆ ಎಂಬುದಕ್ಕೆ ಅದು ಸಾಕ್ಷಿ, ಕಸುಬಿನ ಕೌಶಲಕ್ಕಲ್ಲ. ಪರವಾನಗಿ ಮೂರನೆಯದು, ಕಾನೂನು ಅಪಾಯಕಾರಿ ಎಂದು ಗುರುತಿಸಿದ ಕೆಲಸವನ್ನು ಮಾಡಲು ಸರ್ಕಾರ ಕೊಡುವ ಅನುಮತಿ ಅದು. ನಾಲ್ಕನೆಯದೇ ವೃತ್ತಿ ಅರ್ಹತೆ. ನಿಗದಿತ ಮಾನದಂಡಕ್ಕೆ ತಕ್ಕಂತೆ ನೀವು ಕೆಲಸ ಮಾಡಬಲ್ಲಿರಿ ಎಂದು ಮೌಲ್ಯಮಾಪಕರೊಬ್ಬರು ನೋಡಿ, ಮಾನ್ಯತೆ ಪಡೆದ ಸಂಸ್ಥೆಯೊಂದು ದೃಢೀಕರಿಸಿದ ದಾಖಲೆ.

ಆಸ್ಟ್ರೇಲಿಯಾದಲ್ಲಿ ಈ ವ್ಯತ್ಯಾಸ ತುಂಬ ಸ್ಪಷ್ಟವಾಗಿದೆ. ಅಲ್ಲಿ ಸೈಟಿಗೆ ಕಾಲಿಡಲು ‘ವೈಟ್ ಕಾರ್ಡ್’ ಎಂಬ ಸುರಕ್ಷತಾ ಕಾರ್ಡು ಬೇಕು. ವ್ಯಕ್ತಿ ಅಥವಾ ವಸ್ತು 4 ಮೀಟರಿಗಿಂತ ಹೆಚ್ಚು ಎತ್ತರದಿಂದ ಬೀಳಬಹುದಾದ ಸಾರುವೆಯನ್ನು ಕಟ್ಟಲು ಪ್ರತ್ಯೇಕ ಪರವಾನಗಿ ಬೇಕು, ಅದರಲ್ಲಿ ಪ್ರಾಥಮಿಕ, ಮಧ್ಯಮ, ಉನ್ನತ ಎಂಬ ಮೂರು ವರ್ಗಗಳಿವೆ ಮತ್ತು ಅದನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಕಸುಬಿನ ಪೂರ್ಣ ಅರ್ಹತೆ ಇವೆರಡಕ್ಕಿಂತ ಬೇರೆಯಾದ ಪ್ರಮಾಣಪತ್ರ. ಬ್ರಿಟನ್ನಿನಲ್ಲಿ ಕಾರ್ಡೂ ಅರ್ಹತೆಯೂ ಒಂದಕ್ಕೊಂದು ಹೆಣೆದುಕೊಂಡಿವೆ. ಕಟ್ಟಡ ಕೆಲಸಗಾರರಿಗೆ ಕೌಶಲ ಕಾರ್ಡು ಕೊಡುವ ಅಲ್ಲಿನ ಸಿಎಸ್‌ಸಿಎಸ್ ಯೋಜನೆಯಲ್ಲಿ 2ನೆಯ ಹಂತದ ಎನ್‌ವಿಕ್ಯೂ ಎಂಬ ವೃತ್ತಿ ಅರ್ಹತೆ ಇದ್ದವರಿಗೆ ನೀಲಿ ಕಾರ್ಡು, 3ನೆಯ ಹಂತದವರಿಗೆ ಚಿನ್ನದ ಬಣ್ಣದ ಕಾರ್ಡು ಸಿಗುತ್ತದೆ. ಅದಕ್ಕೆ ಮುನ್ನ ಸುರಕ್ಷತಾ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು. ಹಿಂದೆ ಅರ್ಹತೆಯಿಲ್ಲದಿದ್ದರೂ ಉದ್ಯೋಗದಾತರ ಶಿಫಾರಸಿನ ಮೇಲೆ ಕಾರ್ಡು ಪಡೆಯುವ ದಾರಿ ಅಲ್ಲಿತ್ತು. ಆ ಬಗೆಯ ಕಾರ್ಡುಗಳೆಲ್ಲ 2024ರ ಡಿಸೆಂಬರ್ 31ಕ್ಕೆ ಕೊನೆಗೊಂಡವು. ಶಿಫಾರಸಿನ ಬಲದಿಂದಲೇ ದಶಕಗಳ ಕಾಲ ದುಡಿದವರೂ ಈಗ ತಮ್ಮ ಕೆಲಸವನ್ನು ತೋರಿಸಿ ಅರ್ಹತೆ ಗಳಿಸಬೇಕಾಗಿದೆ.

ಆದ್ದರಿಂದ ಯಾರಾದರೂ ‘ಸರ್ಟಿಫಿಕೇಟು ಕೊಡಿಸುತ್ತೇವೆ’ ಎಂದರೆ, ಇದು ನಾಲ್ಕರಲ್ಲಿ ಯಾವುದು, ಇದನ್ನು ಕೊಡುವ ಸಂಸ್ಥೆಯನ್ನು ನಿಯಂತ್ರಿಸುವವರು ಯಾರು, ಅಧಿಕೃತ ಪಟ್ಟಿಯಲ್ಲಿ ಇದರ ಸಂಖ್ಯೆ ಏನು ಎಂಬ ಮೂರು ಪ್ರಶ್ನೆಗಳನ್ನು ಕೇಳಿ. ಉತ್ತರ ತಡವರಿಸಿದರೆ ಹಣ ಕೊಡಬೇಡಿ. ನಿಮ್ಮ ಕೆಲಸವನ್ನು ನೋಡದೆ, ನಿಮ್ಮೊಂದಿಗೆ ಮಾತಾಡದೆ, ಕೆಲವೇ ದಿನಗಳಲ್ಲಿ ಅರ್ಹತೆ ಕೈಗೆ ಬರುತ್ತದೆ ಎನ್ನುವವರು ಮಾರುತ್ತಿರುವುದು ಅರ್ಹತೆಯನ್ನಲ್ಲ.

ಹಂತ ಮತ್ತು ದಾರಿ

ಹೆಚ್ಚಿನ ದೇಶಗಳು ಅರ್ಹತೆಗಳನ್ನು ಹಂತಗಳಲ್ಲಿ ಜೋಡಿಸಿವೆ. 2008ರಲ್ಲಿ ಬಂದ ಯುರೋಪಿನ ಅರ್ಹತಾ ಚೌಕಟ್ಟಿನಲ್ಲಿ 8 ಹಂತಗಳಿವೆ. ಭಾರತ 2013ರಲ್ಲಿ ಅಧಿಸೂಚಿಸಿದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನಲ್ಲಿ ಮೊದಲು 10 ಹಂತಗಳಿದ್ದವು, 2023ರ ಪರಿಷ್ಕರಣೆಯ ನಂತರ 8 ಹಂತಗಳು. ಒಂದು ದೇಶದ 3ನೆಯ ಹಂತ ಇನ್ನೊಂದರ 3ನೆಯ ಹಂತಕ್ಕೆ ಸಮವೆಂದು ತಿಳಿಯಬಾರದು. ನಿಮಗೆ ಯಾವ ಹಂತ ತಕ್ಕುದು ಎಂಬುದನ್ನು ತಿಳಿಯಲು ನಾನು ಸೂಚಿಸುವ ಪರೀಕ್ಷೆ ಇದು: ನಕ್ಷೆಯಲ್ಲಿ ಒಂದು ಇದೆ, ಸೈಟಿನಲ್ಲಿ ಇನ್ನೊಂದು ಇದೆ, ಆಗ ನೀವು ಏನು ಮಾಡುತ್ತೀರಿ? ಮೇಲಿನವರನ್ನು ಕೇಳಿ, ಅವರು ಹೇಳಿದಂತೆ ಸರಿಯಾಗಿ ಮಾಡಿ ಮುಗಿಸುವವರು ಒಂದು ಹಂತ. ಕಾರಣ ಹುಡುಕಿ, ಪರಿಹಾರ ಸೂಚಿಸಿ, ಉಳಿದ ಕೆಲಸಗಾರರ ಕೆಲಸವನ್ನು ಅದಕ್ಕೆ ಹೊಂದಿಸಿಕೊಳ್ಳುವವರು ಅದರ ಮೇಲಿನ ಹಂತ. ಎರಡೂ ಗೌರವದ ಸ್ಥಾನಗಳೇ. ಆದರೆ ಎರಡನೆಯದಕ್ಕೆ ಬೇಕಾದ ಸಾಕ್ಷ್ಯ ಮೊದಲನೆಯದರಲ್ಲಿ ಇರುವವರ ಬಳಿ ಇರುವುದಿಲ್ಲ.

ದಾರಿಗಳ ವಿಷಯಕ್ಕೆ ಬಂದರೆ, ಹೊಸಬರಿಗೆ ಅಪ್ರೆಂಟಿಸ್ ತರಬೇತಿಯೇ ಅತ್ಯುತ್ತಮ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅನುಭವಿಗಳಿಗೆ ಇರುವುದು ಪೂರ್ವಕಲಿಕೆಯ ಮಾನ್ಯತೆಯ ದಾರಿ. ಕಲಿತದ್ದು ಎಲ್ಲಿ ಎಂಬುದನ್ನು ಪರಿಗಣಿಸದೆ ಕಲಿತದ್ದನ್ನು ಅಳೆದು ದೃಢೀಕರಿಸಬೇಕೆಂಬ ಈ ತತ್ವವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2004ರ ತನ್ನ 195ನೆಯ ಶಿಫಾರಸಿನಲ್ಲಿ ಸೇರಿಸಿತು. ಭಾರತದಲ್ಲಿ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಅದಕ್ಕೊಂದು ಭಾಗವಿದೆ. ಜರ್ಮನಿಯ ಕಾನೂನು, ನಿಗದಿತ ತರಬೇತಿ ಅವಧಿಯ ಒಂದೂವರೆ ಪಟ್ಟು ಕಾಲ ಆ ಕಸುಬಿನಲ್ಲಿ ದುಡಿದವರಿಗೆ ನೇರವಾಗಿ ಅಂತಿಮ ಪರೀಕ್ಷೆಗೆ ಕೂರಲು ಅವಕಾಶ ಕೊಡುತ್ತದೆ. ಮೂರು ವರ್ಷದ ತರಬೇತಿಯ ಕಸುಬಾದರೆ ನಾಲ್ಕೂವರೆ ವರ್ಷದ ಅನುಭವ. ಕೆನಡಾದಲ್ಲಿ ಕಸುಬುದಾರರಿಗೆ ದೇಶದಾದ್ಯಂತ ಸಲ್ಲುವ ಮಾನ್ಯತೆ ಕೊಡುವ ‘ರೆಡ್ ಸೀಲ್’ ಪರೀಕ್ಷೆಗೂ ಅನುಭವದ ಗಂಟೆಗಳನ್ನು ತೋರಿಸಿ ಕೂರಬಹುದು. ಆಯ್ಕೆ ಉತ್ತರಗಳ ಆ ಪರೀಕ್ಷೆಯಲ್ಲಿ ತೇರ್ಗಡೆಗೆ 70 ಪ್ರತಿಶತ ಬೇಕು. ವ್ಯವಸ್ಥೆಗಳು ಬೇರೆಯಾದರೂ ಒಂದು ಅಂಶ ಎಲ್ಲ ಕಡೆಯೂ ಒಂದೇ: ಅನುಭವವಿದೆ ಎಂದು ಹೇಳಿದರೆ ಸಾಲದು, ಅದನ್ನು ದಾಖಲೆಯಿಂದ ತೋರಿಸಬೇಕು.

ಮಾನದಂಡವನ್ನು ಕೂತು ಓದಿ

ಪ್ರತಿಯೊಂದು ಅರ್ಹತೆಗೂ ಒಂದು ಮಾನದಂಡದ ದಾಖಲೆ ಇರುತ್ತದೆ. ನೋಂದಣಿಗೆ ಮುಂಚೆಯೇ ಅದನ್ನು ಕೇಳಿ ಪಡೆಯಿರಿ. ಅದರಲ್ಲಿ ಕಡ್ಡಾಯ ಘಟಕಗಳು, ಐಚ್ಛಿಕ ಘಟಕಗಳು, ಪ್ರತಿ ಘಟಕದ ಕೆಳಗೆ ಮಾಡಿ ತೋರಿಸಬೇಕಾದದ್ದು, ತಿಳಿದಿರಬೇಕಾದದ್ದು, ಯಾವ ಯಾವ ಸನ್ನಿವೇಶಗಳಲ್ಲಿ ಎಂಬ ವ್ಯಾಪ್ತಿ, ಹೀಗೆ ವಿಭಾಗಗಳಿರುತ್ತವೆ. ಭಾಷೆ ಒಣಗಿದಂತಿದ್ದರೂ ಒಳಗಿರುವುದು ನೀವು ದಿನವೂ ಮಾಡುವ ಕೆಲಸವೇ.

ಕಬ್ಬಿಣ ಕಟ್ಟುವ ಕೆಲಸವನ್ನೇ ತೆಗೆದುಕೊಳ್ಳಿ. ‘ಮಾಹಿತಿಯನ್ನು ಅರ್ಥೈಸಿಕೊಳ್ಳುವುದು’ ಎಂದು ಬರೆದಿದ್ದರೆ, ಬಾರ್ ಬೆಂಡಿಂಗ್ ಪಟ್ಟಿಯನ್ನು ಓದಿ ಸರಳಿನ ವ್ಯಾಸ, ಆಕಾರ, ಕತ್ತರಿಸುವ ಉದ್ದ ಮತ್ತು ಸಂಖ್ಯೆಯನ್ನು ತೆಗೆಯುವುದು ಎಂದು ಅರ್ಥ. ‘ಸಾಮಗ್ರಿಯ ಆಯ್ಕೆ’ ಎಂದರೆ ಬಂದಿಳಿದ ಸರಳಿನ ದರ್ಜೆಯನ್ನು ಗುರುತಿನ ಚೀಟಿಯೊಂದಿಗೆ ತಾಳೆ ನೋಡುವುದು, ತುಕ್ಕಿನ ಪದರ ಉದುರುತ್ತಿರುವುದನ್ನು ಬೇರೆ ಇಡುವುದು. ‘ನಿರ್ದಿಷ್ಟತೆಗೆ ಅನುಗುಣವಾಗಿ’ ಎಂದರೆ ಕವರ್ ಬ್ಲಾಕ್ (ಸರಳಿನ ಹೊರಗೆ ಇರಬೇಕಾದ ಕಾಂಕ್ರೀಟಿನ ದಪ್ಪ, ಅಂದರೆ ಕವರ್, ಉಳಿಯುವಂತೆ ಇಡುವ ತುಂಡು) ಸರಿಯಾದ ದಪ್ಪದ್ದು, ಲ್ಯಾಪ್ ಉದ್ದ (ಎರಡು ಸರಳುಗಳು ಒಂದರ ಪಕ್ಕ ಒಂದು ಸೇರಿರುವ ಉದ್ದ) ನಕ್ಷೆಯಲ್ಲಿದ್ದಷ್ಟು, ಎಲ್ಲ ಲ್ಯಾಪ್‌ಗಳೂ ಒಂದೇ ಕಡೆ ಬಂದಿಲ್ಲ, ರಿಂಗುಗಳ ಅಂತರ ಕಂಬದ ತುದಿಯಲ್ಲಿ ನಕ್ಷೆ ಹೇಳಿದಷ್ಟು ಒತ್ತಾಗಿದೆ ಎಂಬುದು. ‘ಹಾನಿ ತಡೆಗಟ್ಟುವುದು’ ಎಂದರೆ ಕಟ್ಟಿದ ಜಾಲರಿಯ ಮೇಲೆ ಜನ ಓಡಾಡಿ ಮೇಲಿನ ಸರಳು ಕುಸಿಯದಂತೆ ‘ಕುರ್ಚಿ’ ಎಂಬ ಬಗ್ಗಿಸಿದ ಸರಳಿನ ಆಧಾರಗಳನ್ನು ಇಟ್ಟು ಹಲಗೆ ಹಾಸುವುದು. ಈ ರೀತಿ ಪ್ರತಿ ಸಾಲಿನ ಪಕ್ಕದಲ್ಲಿ ನಿಮ್ಮ ಮಾತಿನಲ್ಲಿ ಬರೆದುಕೊಂಡರೆ ಎರಡು ಲಾಭ: ನಿಮಗೆ ಗೊತ್ತಿರುವುದು ಎಷ್ಟೆಂಬುದು ತಿಳಿಯುತ್ತದೆ, ಗೊತ್ತಿಲ್ಲದ ಸಾಲುಗಳು ಬೇರೆಯಾಗಿ ಎದ್ದು ಕಾಣುತ್ತವೆ. ‘ಹೀಗೆ ಮಾಡುವುದು ಏಕೆ’ ಎಂಬ ಸಾಲುಗಳಲ್ಲಿ ಅನುಭವಿಗಳು ಹೆಚ್ಚಾಗಿ ತಡವರಿಸುತ್ತಾರೆ. ಕವರ್ ಕಡಿಮೆಯಾದರೆ ಏನಾಗುತ್ತದೆ ಎಂದು ಕೇಳಿದಾಗ ‘ಇಂಜಿನಿಯರ್ ಬೈಯುತ್ತಾರೆ’ ಎಂಬ ಉತ್ತರ ಸಾಲದು. ತೇವವೂ ಗಾಳಿಯೂ ಸರಳನ್ನು ಬೇಗ ತಲುಪಿ, ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟನ್ನು ಒಡೆದು ಉದುರಿಸುತ್ತದೆ ಎಂದು ಹೇಳಲು ಬರಬೇಕು.

ಸಾಕ್ಷ್ಯ ಕೂಡಿಡುವುದು

ಅರ್ಹತೆಯ ಅರ್ಧ ಭಾರ ಇರುವುದು ಇಲ್ಲಿಯೇ. ಕಟ್ಟಡ ಕೆಲಸಕ್ಕೆ ಒಂದು ವಿಶೇಷ ತೊಡಕಿದೆ: ಒಳ್ಳೆಯ ಕೆಲಸದ ಬಹುಭಾಗ ಮುಚ್ಚಿಹೋಗುತ್ತದೆ. ಕಬ್ಬಿಣದ ಮೇಲೆ ಕಾಂಕ್ರೀಟು ಬೀಳುತ್ತದೆ, ಜಲನಿರೋಧಕ ಪದರದ ಮೇಲೆ ನೆಲಹಾಸು ಬರುತ್ತದೆ, ಉಷ್ಣನಿರೋಧಕ ಗೋಡೆಯೊಳಗೆ ಸೇರುತ್ತದೆ, ಸಾರುವೆಯನ್ನು ಬಿಚ್ಚಿ ಒಯ್ಯುತ್ತಾರೆ. ಮುಚ್ಚುವ ಮೊದಲು ದಾಖಲಿಸದಿದ್ದರೆ ಆ ಸಾಕ್ಷ್ಯ ಶಾಶ್ವತವಾಗಿ ಹೋದಂತೆ.

ಫೋಟೋ ತೆಗೆಯುವಾಗ ಮುಗಿದ ಕೆಲಸದ ಅಂದವನ್ನು ಮಾತ್ರ ಹಿಡಿಯಬೇಡಿ. ಆರಂಭದ ಸ್ಥಿತಿ, ನಡುವಿನ ಹಂತ, ಅಳತೆಪಟ್ಟಿ ಇಟ್ಟು ತೋರಿಸಿದ ಅಂತರ, ಮುಗಿದ ರೂಪ, ಈ ನಾಲ್ಕು ಬೇಕು. ಕೆಲವು ಚಿತ್ರಗಳಲ್ಲಾದರೂ ಕೆಲಸ ಮಾಡುತ್ತಿರುವ ನೀವು, ಸರಿಯಾದ ಸುರಕ್ಷಾ ಸಾಧನಗಳೊಂದಿಗೆ, ಗುರುತು ಸಿಗುವಂತೆ ಇರಬೇಕು. ಹೆಲ್ಮೆಟ್ ಇಲ್ಲದ, ಸೊಂಟಪಟ್ಟಿ ಕೊಕ್ಕೆ ಹಾಕದ ಚಿತ್ರವೊಂದು ನಿಮ್ಮ ವಿರುದ್ಧದ ಸಾಕ್ಷ್ಯವಾಗುತ್ತದೆ. ಎತ್ತರದಲ್ಲಿ ಕೆಲಸ ಮಾಡುವಾಗ ನೀವೇ ಫೋನು ಹಿಡಿಯಬೇಡಿ, ಕೆಳಗಿನವರಿಗೆ ಹೇಳಿ. ಮಾಲೀಕರ ಮತ್ತು ಗುತ್ತಿಗೆದಾರರ ಅನುಮತಿ ಮೊದಲೇ ಪಡೆಯಿರಿ. ಕೆಲವು ಕಟ್ಟಡಗಳಲ್ಲಿ ಚಿತ್ರ ತೆಗೆಯುವಂತಿಲ್ಲ. ಅಲ್ಲಿ ಮೇಲ್ವಿಚಾರಕರ ಸಾಕ್ಷಿಪತ್ರವೇ ಆಧಾರ.

ಆ ಸಾಕ್ಷಿಪತ್ರವನ್ನೂ ಸರಿಯಾಗಿ ಬರೆಸಬೇಕು. ‘ಇವರು ಉತ್ತಮ ಕೆಲಸಗಾರರು, ಪ್ರಾಮಾಣಿಕರು’ ಎಂಬ ಪತ್ರ ಮನಸ್ಸಿಗೆ ಹಿತವಾದರೂ ಮೌಲ್ಯಮಾಪಕರಿಗೆ ಅದರಿಂದ ಏನೂ ಸಿಗುವುದಿಲ್ಲ. ಯಾವ ಸೈಟು, ಯಾವ ತಿಂಗಳು, ಯಾವ ಭಾಗ, ಎಷ್ಟು ಪ್ರಮಾಣ, ಯಾವ ನಕ್ಷೆಯ ಪ್ರಕಾರ, ಎಷ್ಟು ಮಟ್ಟಿಗೆ ಸ್ವತಂತ್ರವಾಗಿ ಎಂಬುದನ್ನು ಬರೆದು, ಬರೆದವರ ಹುದ್ದೆ ಮತ್ತು ಸಹಿ ಇರಬೇಕು. ಜೊತೆಗೆ ದಿನಚರಿ, ಅಳತೆ ಪುಸ್ತಕದ ಪುಟ, ಸಾಮಗ್ರಿ ಬಂದ ಚೀಟಿ, ತಪಾಸಣಾ ಪಟ್ಟಿ, ಕೆಲಸದ ಅನುಮತಿ ಪತ್ರ, ಬೆಳಗಿನ ಸುರಕ್ಷತಾ ಮಾತುಕತೆಯ ಹಾಜರಿ, ಇವೆಲ್ಲ ಸೇರಲಿ. ಹಗ್ಗಕ್ಕೆ ಜೋತು ಕಟ್ಟಡದ ಹೊರಮೈಯಲ್ಲಿ ದುಡಿಯುವವರ ‘ಇರಾಟಾ’ ವ್ಯವಸ್ಥೆ ಈ ಶಿಸ್ತಿಗೆ ಒಳ್ಳೆಯ ಮಾದರಿ: ಅಲ್ಲಿ ಮೂರು ಹಂತಗಳಿವೆ, ಮೇಲಿನ ಹಂತಕ್ಕೆ ಏರಲು ಕನಿಷ್ಠ 12 ತಿಂಗಳು ಮತ್ತು 1000 ಗಂಟೆಗಳ ಕೆಲಸ ಬೇಕು, ಆ ಗಂಟೆಗಳು ಪ್ರತಿಯೊಬ್ಬರ ಲಾಗ್‌ಬುಕ್ಕಿನಲ್ಲಿ ದಾಖಲಾಗಿರಬೇಕು. ನಿಮ್ಮ ಕಸುಬಿನಲ್ಲಿ ಯಾರೂ ಕೇಳದಿದ್ದರೂ ಅಂಥದೊಂದು ಪುಸ್ತಕ ಇಡಿ.

ಕೂಡಿಟ್ಟದ್ದನ್ನು ಒಪ್ಪಿಸುವ ಮೊದಲು ನೀವೇ ಪರಿಶೀಲಿಸಿ. ಇದು ಕೇಳಿದ ಘಟಕಕ್ಕೆ ಸಂಬಂಧಿಸಿದ್ದೇ? ನಿಮ್ಮದೇ ಕೆಲಸವೆಂದು ಸಾಬೀತಾಗುತ್ತದೆಯೇ? ತೀರಾ ಹಳೆಯದಲ್ಲವೇ? ಒಮ್ಮೆ ಅಕಸ್ಮಾತ್ ಸರಿಬಂದದ್ದಲ್ಲ, ಮತ್ತೆ ಮತ್ತೆ ಸರಿಯಾಗಿ ಮಾಡಬಲ್ಲಿರಿ ಎಂದು ತೋರಿಸುವಷ್ಟಿದೆಯೇ? ರಾಶಿ ದೊಡ್ಡದಾಗಿರಬೇಕಿಲ್ಲ, ಒಂದೇ ಗೋಡೆಯ ನೂರು ಚಿತ್ರಗಳಿಗಿಂತ ಮೂರು ಬೇರೆ ಸನ್ನಿವೇಶಗಳ ಅಚ್ಚುಕಟ್ಟಾದ ದಾಖಲೆ ಮೇಲು. ತಪಾಸಣೆಯಲ್ಲಿ ತಿರಸ್ಕೃತವಾಗಿ ಮತ್ತೆ ಮಾಡಿದ ಕೆಲಸವನ್ನೂ ಮುಚ್ಚಿಡಬೇಡಿ. ದೋಷ ಏನಿತ್ತು, ಹೇಗೆ ಸರಿಪಡಿಸಿದಿರಿ ಎಂಬ ದಾಖಲೆ ನಿಮ್ಮ ತಿಳಿವಳಿಕೆಯನ್ನು ಬಲವಾಗಿ ತೋರಿಸುತ್ತದೆ.

ಮೌಲ್ಯಮಾಪನದ ದಿನ

ಮೌಲ್ಯಮಾಪಕರು ಸೈಟಿಗೆ ಬಂದು ನೀವು ದಿನನಿತ್ಯದಂತೆ ಕೆಲಸ ಮಾಡುವುದನ್ನು ನೋಡುತ್ತಾರೆ, ನಡುನಡುವೆ ಪ್ರಶ್ನೆ ಕೇಳುತ್ತಾರೆ, ನಂತರ ಕುಳಿತು ಮಾತಾಡುತ್ತಾರೆ. ಅವರು ಬರುವ ದಿನ ಸರಿಯಾದ ಹಂತದ ಕೆಲಸ ನಡೆಯುತ್ತಿರುವಂತೆ ಮೇಲ್ವಿಚಾರಕರೊಂದಿಗೆ ಮೊದಲೇ ಮಾತಾಡಿಕೊಳ್ಳಿ; ಸಾರುವೆ ಕಟ್ಟುವುದನ್ನು ನೋಡಲು ಬಂದವರಿಗೆ ಕಟ್ಟಿ ಮುಗಿದ ಸಾರುವೆ ತೋರಿಸಿದರೆ ಇಬ್ಬರ ಸಮಯವೂ ಹೋಗುತ್ತದೆ. ಅವರ ಮುಂದೆ ಅವಸರ ಮಾಡಬೇಡಿ. ಉಪಕರಣವನ್ನು ಬಳಸುವ ಮೊದಲು ಪರೀಕ್ಷಿಸುವುದು, ಜಾಗ ಸ್ವಚ್ಛವಾಗಿಡುವುದು, ಅಳತೆಯನ್ನು ಎರಡನೆಯ ಸಲ ನೋಡುವುದು, ಪಕ್ಕದವರಿಗೆ ಎಚ್ಚರಿಕೆ ಹೇಳುವುದು, ಇವು ಅಭ್ಯಾಸದಲ್ಲಿ ನಿಮಗೆ ಗೊತ್ತೇ ಆಗದಂತೆ ನಡೆಯುತ್ತವೆ. ಆ ದಿನ ಅವನ್ನು ಬಾಯಿಬಿಟ್ಟು ಹೇಳುತ್ತಾ ಮಾಡಿ. ‘ಗಾಳಿ ಜೋರಾದರೆ?’, ‘ಅಡಿಪಾಯದ ಹಲಗೆಯ ಕೆಳಗಿನ ಮಣ್ಣು ಮೆತ್ತಗಿದ್ದರೆ?’ ಎಂಬ ಪ್ರಶ್ನೆಗಳಿಗೆ ‘ಕೆಲಸ ನಿಲ್ಲಿಸುತ್ತೇನೆ, ಇಂಥವರಿಗೆ ತಿಳಿಸುತ್ತೇನೆ’ ಎಂಬುದು ಪೂರ್ಣ ಉತ್ತರ. ಅದನ್ನು ದೌರ್ಬಲ್ಯವೆಂದು ಭಾವಿಸಿ ಹೇಗಾದರೂ ನಿಭಾಯಿಸುತ್ತೇನೆ ಎನ್ನಬೇಡಿ.

ಓದಲು ಬರೆಯಲು ಕಷ್ಟವಿದ್ದರೆ ನೋಂದಣಿಯ ದಿನವೇ ಹೇಳಿ. ಬಾಯಿಮಾತಿನ ಉತ್ತರವನ್ನು ಧ್ವನಿಮುದ್ರಿಸಿಕೊಳ್ಳುವ ಅವಕಾಶ ಇದೆಯೇ, ನಿಮಗೆ ತಿಳಿದ ಭಾಷೆಯಲ್ಲಿ ಪ್ರಶ್ನೆ ಕೇಳುತ್ತಾರೆಯೇ ಎಂದು ವಿಚಾರಿಸಿ. ಕೈಕೆಲಸ ಬಲ್ಲವರು ಬರೆವಣಿಗೆಯ ಅಂಜಿಕೆಯಿಂದ ಹಿಂದೆ ಸರಿಯುವುದು ನನಗೆ ನಿಜಕ್ಕೂ ನೋವಿನ ಸಂಗತಿ, ಏಕೆಂದರೆ ಈ ಪದ್ಧತಿಯ ಹುಟ್ಟಿಗೆ ಕಾರಣರೇ ಅವರು.

‘ಇನ್ನೂ ಸಮರ್ಥರಲ್ಲ’ ಎಂಬ ಫಲಿತಾಂಶ ಬಂದರೆ ಅದು ಇಡೀ ಅರ್ಹತೆಗೆ ಅನ್ವಯಿಸುವುದು ವಿರಳ. ಯಾವ ಘಟಕದ ಯಾವ ಸಾಲು ಎಂದು ಬರಹದಲ್ಲಿ ಕೇಳಿ, ಆ ಕೊರತೆಗಷ್ಟೇ ತರಬೇತಿ ಪಡೆದು, ಅದನ್ನಷ್ಟೇ ಮತ್ತೆ ತೋರಿಸಿ. ತೀರ್ಪು ಅನ್ಯಾಯವೆನಿಸಿದರೆ ಮೇಲ್ಮನವಿಯ ಕ್ರಮ ಇರುತ್ತದೆ.

ಪತ್ರ ಕೈಗೆ ಬಂದ ಮೇಲೆ

ಮೊದಲು ಹೆಸರು ಮತ್ತು ಹುಟ್ಟಿದ ದಿನಾಂಕ ಗುರುತಿನ ಚೀಟಿ, ಪಾಸ್‌ಪೋರ್ಟುಗಳೊಂದಿಗೆ ಅಕ್ಷರಶಃ ಹೊಂದುತ್ತವೆಯೇ ನೋಡಿ. ತಪ್ಪಿದ್ದರೆ ಕೂಡಲೇ ತಿದ್ದಿಸಿ. ನಂತರ, ಅವಧಿ ಇದೆಯೇ ಎಂದು ತಿಳಿಯಿರಿ. ಪೂರ್ಣ ವೃತ್ತಿ ಅರ್ಹತೆ ಸಾಮಾನ್ಯವಾಗಿ ಕೊನೆಯವರೆಗೂ ಉಳಿಯುತ್ತದೆ, ಆದರೆ ಕಾರ್ಡು, ಪರವಾನಗಿ ಮತ್ತು ಕೆಲವು ವಿಶೇಷ ದೃಢೀಕರಣಗಳು ಮುಗಿಯುತ್ತವೆ. ಇರಾಟಾ ದೃಢೀಕರಣಕ್ಕೆ 3 ವರ್ಷದ ಅವಧಿ. ಉಕ್ಕಿನ ಬೆಸುಗೆಗಾರರ ಐಎಸ್‌ಒ 9606-1 ಎಂಬ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆಯಲ್ಲಿ, ಅದೇ ವಿಧಾನದಲ್ಲಿ ಕೆಲಸ ಮುಂದುವರಿದಿದೆ ಎಂಬುದಕ್ಕೆ 6 ತಿಂಗಳಿಗೊಮ್ಮೆ ಸಹಿ ಬೀಳಬೇಕು. ಅಲ್ಲದೆ ಅದು ಪರೀಕ್ಷೆ ಕೊಟ್ಟ ವಿಧಾನ, ದಪ್ಪ, ಭಂಗಿ, ತಗಡು ಅಥವಾ ಕೊಳವೆ ಎಂಬ ವ್ಯಾಪ್ತಿಯೊಳಗೆ ಮಾತ್ರ ಸಲ್ಲುತ್ತದೆ. ಆ ಸಹಿಯನ್ನು ಮರೆತರೆ ಪತ್ರ ಕೈಯಲ್ಲಿದ್ದೂ ಇಲ್ಲದಂತೆ.

ಪ್ರಮಾಣಪತ್ರದ ಜೊತೆಗೆ ಘಟಕವಾರು ವಿವರಪಟ್ಟಿಯನ್ನೂ ಕೇಳಿ ಪಡೆಯಿರಿ. ಬೇರೆ ದೇಶದ ಮಾನ್ಯತಾ ಸಂಸ್ಥೆ ಅರ್ಹತೆಯನ್ನು ತನ್ನದರೊಂದಿಗೆ ಹೋಲಿಸುವಾಗ ಮುಖಪುಟದ ಶೀರ್ಷಿಕೆಗಿಂತ ಆ ಪಟ್ಟಿಯನ್ನು ಹೆಚ್ಚು ನೋಡುತ್ತದೆ. ಹೊಂದುವ ಘಟಕಗಳಿಗೆ ವಿನಾಯಿತಿ ಕೊಟ್ಟು ಉಳಿದವನ್ನಷ್ಟೇ ಕೇಳುವ ಸಾಧ್ಯತೆಯೂ ಇರುತ್ತದೆ. ಮೂಲ ಪತ್ರವನ್ನು ಯಾವ ಮಧ್ಯವರ್ತಿಯ ಕೈಗೂ ಒಪ್ಪಿಸಬೇಡಿ. ದೃಢೀಕೃತ ಪ್ರತಿಗಳನ್ನು ಕೊಡಿ, ಸ್ಕ್ಯಾನ್ ಮಾಡಿದ್ದನ್ನು ಎರಡು ಕಡೆ ಇಡಿ, ಮತ್ತು ಸಾಕ್ಷ್ಯದ ಕಡತವನ್ನು ಎಸೆಯದೆ ಮುಂದಿನ ಹಂತದ ಘಟಕಗಳಿಗಾಗಿ ಅದರಲ್ಲಿಯೇ ಹೊಸ ಪುಟಗಳನ್ನು ಸೇರಿಸುತ್ತಾ ಹೋಗಿ.